ಕಂಪಲಾಪುರದ ರೈಲು ಹಲಗೆ

ಕಂಪಲಾಪುರದ ಮಹದೇವಪ್ಪನವರ ಮನೆಗೆ ರೈಲು ಬಂದದ್ದು ಎತ್ತಿನ ಗಾಡಿಯಲ್ಲಿ. ಕೊಡಗಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬ ತೋಟ ಮಾರಿ ಕಡಲಾಚೆಯ ತನ್ನ ಸೀಮೆಗೆ ಹೊರಟಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಇಟ್ಟಿದ್ದ. ಕುರ್ಚಿ ಮೇಜು ನೋಡಿಕೊಂಡು ಬರುತ್ತೇನೆಂದು ಹೋದ ಮಹದೇವಪ್ಪನವರು ಅವನ್ನೆಲ್ಲ ಅಲ್ಲೇ ಬಿಟ್ಟು ಒಂದು ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸಾದರು. ಪೆಟ್ಟಿಗೆಯೊಳಗೆ ಕೀಲಿ ತಿರುಗಿಸಿದರೆ ಓಡುವ ಗೇಣುದ್ದದ ಎಂಜಿನ್ನು, ಮೂರು ಡಬ್ಬಿ, ಒಂದಕ್ಕೊಂದು ಸಿಕ್ಕಿಸುವ ಕಂಬಿಯ ತುಂಡುಗಳು.

ನಡುಮನೆಯಲ್ಲಿ ಕಂಬಿ ಹಾಸಿದರು. ವಾರಕ್ಕೆರಡು ಸಲ ಸಾರಿಸಿ ಸಾರಿಸಿ ಕಣ್ಣಿಗೆ ಕನ್ನಡಿಯಂತೆ ಕಾಣುತ್ತಿದ್ದ ನೆಲ ಅದು. ಎಂಜಿನ್ನಿಗೆ ಮಾತ್ರ ಅದೇ ನೆಲ ಹಳ್ಳ ದಿಣ್ಣೆಯ ದಾರಿಯಾಯಿತು. ಎರಡು ಮೊಳ ಓಡಿತು, ವಾಲಿತು, ಚಕ್ರ ಮೇಲಾಗಿ ಬಿದ್ದು ಗರಗರ ಅಂದಿತು. ನಾಲ್ಕು ಸಲ ಹಾಗೆಯೇ ಆಯಿತು.

ಬಾಗಿಲ ಬಳಿ ನಿಂತಿದ್ದ ಮಹದೇವಪ್ಪನವರ ಹೆಂಡತಿ ಸುನಂದಮ್ಮನಿಗೆ ಇಷ್ಟು ಸಾಕಾಯಿತು. ಆಕೆಯ ತವರು ಎಡತೊರೆ ಕಡೆಯ ಹೊಸ ಅಗ್ರಹಾರ. "ನಮ್ಮೂರಲ್ಲಿ ಜಗುಲಿ ಮೇಲೆ ಕೂತ್ರೆ ನಿಜವಾದ ರೈಲು ಕೂಗೋದು ಕೇಳ್ತದೆ. ನಿಮ್ಮೂರಲ್ಲಿ ಆಟದ ರೈಲೂ ನಾಕು ಮೊಳ ಓಡಾಕಿಲ್ಲ," ಎಂದು ಒಳಗೆ ಹೋದಳು.

ಈ ಮಾತು ಮಹದೇವಪ್ಪನವರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎಡತೊರೆಯ ಜನ ಊರಿಗೆ ಹೊಸದಾಗಿ ಕೃಷ್ಣರಾಜನಗರವೆಂದು ಹೆಸರಿಟ್ಟುಕೊಂಡು, ಮಾತೆತ್ತಿದರೆ ಟೇಸನ್ನು, ಟಿಕೇಟು, ಗಾರ್ಡು ಅನ್ನುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯವರು ಇನ್ನೂ ಗಾಡಿಯ ಅಚ್ಚಿಗೆ ಎಣ್ಣೆ ಸವರುತ್ತ ಕೂತಿದ್ದರು. ಮುಂದಿನ ಸೋಮವಾರ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆಂದು ತಾಲ್ಲೂಕಿನ ಅಮಲ್ದಾರರು ಕಂಪಲಾಪುರಕ್ಕೆ ಬರುವವರಿದ್ದರು. ಅವರ ಕಣ್ಣೆದುರು ಈ ರೈಲನ್ನು ಸರಾಗವಾಗಿ ಓಡಿಸಿ, ನಮ್ಮ ಕಡೆಗೂ ಹೀಗೊಂದು ದಾರಿ ಆಗಲಿ ಎಂದು ಕೇಳಿಕೊಳ್ಳಬೇಕೆಂಬುದು ಮಹದೇವಪ್ಪನವರ ಮನಸ್ಸು. ಅದಕ್ಕೆ ಮಟ್ಟವಾದ, ನುಣುಪಾದ ಒಂದು ಹಲಗೆ ಬೇಕಿತ್ತು. ಗಾಡಿಯಾಳು ದೊಡ್ಡಬೀರಯ್ಯನನ್ನು ಹುಣಸೂರಿಗೆ ಅಟ್ಟಿದರು.

ಹುಣಸೂರಿನಲ್ಲಿ ಮಟ್ಟದ ಕೆಲಸವೆಂದರೆ ಗುರುಸ್ವಾಮಿ ಆಚಾರಿಯ ಹೆಸರೇ ಮೊದಲು ಬರುತ್ತಿತ್ತು. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಭಕ್ತಿ ಹೆಚ್ಚು. ಹಲಗೆಯ ಏರು ತಗ್ಗನ್ನು ಕಣ್ಣು ಮುಚ್ಚಿ ಅಂಗೈಯಲ್ಲೇ ಹೇಳಬಲ್ಲವನು. ಮಹದೇವಪ್ಪನವರ ಹಳೆಯ ಮನೆಯ ತಲೆಬಾಗಿಲು ಅವನ ತಂದೆ ಮಾಡಿದ್ದು. ಈಗ ಅವರು ಊರಾಚೆ ಹೊಸ ಮನೆ ಕಟ್ಟಿಸುತ್ತಿದ್ದರು. ಗೋಡೆಗಳು ಎದ್ದು ನಿಂತಿದ್ದವು, ತಲೆಬಾಗಿಲು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅದು ತನ್ನ ಮನೆತನಕ್ಕೇ ಬರುವ ಕೆಲಸವೆಂದು ಗುರುಸ್ವಾಮಿ ಕೇಳದೆಯೇ ನಂಬಿಕೊಂಡಿದ್ದ. ಕರೆ ಬಂದಾಗ ಹೆಂಡತಿ ಯಶೋದಮ್ಮನನ್ನೂ ಗಾಡಿ ಹತ್ತಿಸಿಕೊಂಡ. ಅವರ ಕುಲದವರು ಬೇರೆಯವರು ಬೇಯಿಸಿದ್ದನ್ನು ಉಣ್ಣುವುದಿಲ್ಲ. ಎಂಟು ದಿನದ ಕೆಲಸವೆಂದರೆ ಅಡುಗೆಯವರೂ ಜೊತೆಗೆ ಹೋಗಲೇಬೇಕು.

ಕಂಪಲಾಪುರದ ಗಾಡಿ ಕೊಟ್ಟಿಗೆಯ ಮುಂದೆ ಇಳಿದು ನೋಡಿದರೆ, ಅಲ್ಲಿ ರುದ್ರಸ್ವಾಮಿ ಆಗಲೇ ಕೂತಿದ್ದ.

ರುದ್ರಸ್ವಾಮಿ ಯಶೋದಮ್ಮನ ತಮ್ಮ. ಎಂಟು ವರ್ಷ ಗುರುಸ್ವಾಮಿಯ ಕೈಕೆಳಗೇ ಉಳಿ ಹಿಡಿದು ಕಲಿತವನು. ಆಮೇಲೆ ಮೈಸೂರಿನಲ್ಲಿ ರೈಲು ಡಬ್ಬಿ ರಿಪೇರಿ ಮಾಡುವ ಕಡೆ ನಾಲ್ಕು ವರ್ಷ ದುಡಿದು, ಮರ ನುಣುಪು ಮಾಡುವ ಕಬ್ಬಿಣದ ಉಜ್ಜುಗೊರಡು ಮತ್ತು ಗಾಜಿನೊಳಗೆ ಗುಳ್ಳೆ ಆಡುವ ರಸಮಟ್ಟ ತಂದುಕೊಂಡು ಪಿರಿಯಾಪಟ್ಟಣದಲ್ಲಿ ಅಂಗಡಿ ಹಾಕಿದ್ದ. ಅವನು ಎದ್ದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಚೆನ್ನಾಗಿದೀರಾ ಭಾವ?" ಗುರುಸ್ವಾಮಿ ಹೂಂ ಅಂದ. ಕಾಲು ಮುಟ್ಟಿದವನನ್ನು ಬೈಯಲು ಬರುವುದಿಲ್ಲ. ಅದೇ ಅವನಿಗೆ ಮೊದಲ ಸಂಕಟ.

ಮಹದೇವಪ್ಪನವರು ಹೊರಗೆ ಬಂದು ವಿಷಯ ಹೇಳಿದರು. "ನೋಡಿ ಆಚಾರ್ರೇ, ಎಂಟಡಿ ಉದ್ದ, ನಾಕಡಿ ಅಗಲದ ಹಲಗೆ ಬೇಕು. ಅಷ್ಟು ದೊಡ್ಡದು ಒಂದೇ ಆದ್ರೆ ಈ ಬಾಗ್ಲಲ್ಲಿ ನುಗ್ಗಿ ಒಳಗೆ ತಿರುಗಾಕಿಲ್ಲ. ಅದಕ್ಕೆ ಎರಡು ಭಾಗ ಮಾಡಿ, ಒಳಗೆ ತಂದು ಕೂಡ್ಸಿ. ಒಬ್ಬರೇ ಮಾಡಿದ್ರೆ ಸೋಮವಾರಕ್ಕೆ ಮುಗಿಯಾಕಿಲ್ಲ. ಅರ್ಧ ನೀವು, ಅರ್ಧ ರುದ್ರಸ್ವಾಮಿ."

"ಆಯ್ತು ಯಜಮಾನ್ರೇ," ಎಂದ ಗುರುಸ್ವಾಮಿ.

"ಇನ್ನೊಂದು ಮಾತು. ಹೊಸ ಮನೆ ತಲೆಬಾಗ್ಲು ಯಾರ ಕೈಗೆ ಕೊಡೋದು ಅಂತ ಯೋಚ್ನೆ ಮಾಡ್ತಾವ್ನಿ. ನಿಮ್ಮಪ್ಪಾರ ಕೈಕೆಲ್ಸ ಕಣ್ಮುಂದೆ ಐತೆ, ಇಲ್ಲ ಅನ್ನಾಕಿಲ್ಲ. ಇವನದೂ ಪಿರಿಯಾಪಟ್ಣದಲ್ಲಿ ಒಳ್ಳೇ ಹೆಸ್ರು. ಯಾರ ಅರ್ಧ ಸರಿಯಾಗಿ ಬತ್ತದೋ, ಬಾಗ್ಲು ಅವರಿಗೆ."

ಎತ್ತು ಬಿಚ್ಚುತ್ತಿದ್ದ ದೊಡ್ಡಬೀರಯ್ಯ ಸುಮ್ಮನಿರಲಾರದೆ ಕೇಳಿದ. "ಅಲ್ಲ ಬುದ್ಧಿ, ಎರಡೂ ಸರಿಯಾಗಿ ಬಂದ್ರೆ?"

"ಬಂದ್ರೆ ಆಗ ನೋಡಾನ."

"ಎರಡೂ ಕೆಟ್ರೆ ನಾನೇ ಒಂದು ಬಿದಿರು ತಡಿಕೆ ಕಟ್ಟಿಕೊಡ್ತೀನಿ ಬುಡಿ, ತಲೆಬಾಗ್ಲಿಗೆ."

ಎಲ್ಲರೂ ನಕ್ಕರು. ಗುರುಸ್ವಾಮಿ ನಗಲಿಲ್ಲ. ತಂದೆ ಮಾಡಿದ ಬಾಗಿಲ ಮುಂದೆ ನಿಂತು ತನ್ನ ಶಿಷ್ಯನ ಜೊತೆ ಪಂದ್ಯಕ್ಕೆ ಇಳಿಯಬೇಕಾಯಿತಲ್ಲ ಎಂಬ ಮಾತು ಎದೆಯಲ್ಲಿ ಸೌದೆಯ ಹೊಗೆಯಂತೆ ಸುತ್ತತೊಡಗಿತು.

ಕೋಟೆ ಸೀಮೆಯ ಕಾಡಿನಿಂದ ಬಂದು ಹುಣಸೂರಿನ ಮರದ ಡಿಪೋದಲ್ಲಿ ಒಣಗಿದ್ದ ತೇಗದ ಹಲಗೆಗಳನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಕೊಟ್ಟಿಗೆಯ ಪಡುವಣ ಮೂಲೆ ಗುರುಸ್ವಾಮಿಗೆ, ಮೂಡಣ ಮೂಲೆ ರುದ್ರನಿಗೆ. ನಡುವೆ ಯಶೋದಮ್ಮನ ಮೂರು ಕಲ್ಲಿನ ಒಲೆ.

ಹಲಗೆಗಳ ಅಂಚು ಸರಿಮಾಡಿ, ಒಂದರ ಪಕ್ಕ ಒಂದನ್ನು ಅಂಟಿಸಿ, ಅಡಿಗೆ ಪಟ್ಟಿ ಬಡಿದು ಬಿಗಿಮಾಡುವವರೆಗೆ ಇಬ್ಬರ ಕೆಲಸವೂ ಒಂದೇ ಹದದಲ್ಲಿ ಸಾಗಿತು. ಮೂರನೆಯ ದಿನ ಮೇಲ್ಮೈಯ ಕೆಲಸ ಶುರುವಾಯಿತು. ಗುರುಸ್ವಾಮಿಯ ಉಜ್ಜುಗೊರಡು ಮರದ್ದು, ಅವನ ತಂದೆಯ ಕೈಬೆವರು ಕುಡಿದು ಕಪ್ಪಾದದ್ದು. ಅದು ಹಲಗೆಯ ಮೇಲೆ ಹೋದಾಗ ದನ ಹುಲ್ಲು ಮೇಯುವ ಸದ್ದು ಬರುತ್ತಿತ್ತು. ರುದ್ರನ ಕಬ್ಬಿಣದ ಗೊರಡಿನಿಂದ ಸೀಳು ಶಿಳ್ಳೆಯಂಥ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದಾಗೆಲ್ಲ ಗುರುಸ್ವಾಮಿಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ರುದ್ರನ ಗೊರಡಿನಿಂದ ಉದುರುವ ಸುರುಳಿ ಈರುಳ್ಳಿ ಸಿಪ್ಪೆಯಷ್ಟು ತೆಳು. ತನ್ನದು? ತನ್ನದೂ ತೆಳುವೇ. ಆದರೂ ರುದ್ರ ಎದ್ದು ಹೋದಾಗ ಗುರುಸ್ವಾಮಿ ಒಂದು ಸುರುಳಿಯನ್ನು ಎತ್ತಿ, ಬೆಳಕಿಗೆ ಹಿಡಿದು, ತನ್ನದರ ಪಕ್ಕ ಇಟ್ಟು ನೋಡಿದ. ನೋಡಿದ ಮೇಲೆ ಯಾಕೆ ನೋಡಿದೆನೋ ಎಂದುಕೊಂಡ.

"ಬಾರಪ್ಪ ಮುದ್ದೆ ಆರೋಯ್ತದೆ," ಎಂದು ಯಶೋದಮ್ಮ ತಮ್ಮನನ್ನು ಮೊದಲು ಕರೆದ ದಿನ ಗುರುಸ್ವಾಮಿಗೆ ಊಟ ಸೇರಲಿಲ್ಲ.

"ಯಾಕ್ರೀ, ಅರ್ಧಕ್ಕೇ ಎದ್ರಿ?"

"ಹಸಿವಿಲ್ಲ."

"ಬೆಳಗಿಂದ ಮರ ತಿಕ್ಕವ್ರೆ, ಹಸಿವಿಲ್ವಂತೆ. ಹೊಟ್ಟೇಲಿ ಬೇರೆ ಏನೋ ತುಂಬ್ಕಂಡದೆ ಬುಡಿ."

ರುದ್ರ ತಲೆ ಎತ್ತಲಿಲ್ಲ. "ಅಕ್ಕ, ಸುಮ್ಕಿರು," ಎಂದ ಮೆಲ್ಲಗೆ.

ಹಾಗೆ ಅವನು ತನ್ನ ಪರವಾಗಿ ಮಾತಾಡಿದ್ದಕ್ಕೆ ಗುರುಸ್ವಾಮಿಗೆ ಇನ್ನೂ ಉರಿಯಿತು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವನು ಕೆಟ್ಟವನೂ ಅಲ್ಲ. ಕೈಯೂ ಚೆನ್ನಾಗಿದೆ, ಬಾಯಿಯೂ ಚೆನ್ನಾಗಿದೆ, ಬೆನ್ನು ಬಾಗಿಲ್ಲ, ಕಣ್ಣು ಮಂಜಾಗಿಲ್ಲ. ದೇವರು ಒಬ್ಬನ ಎಲೆಗೇ ಎಲ್ಲವನ್ನೂ ಬಡಿಸುವುದು ಯಾವ ನ್ಯಾಯ ಎಂದು ಅವನು ಕೈ ತೊಳೆಯುತ್ತ ಯೋಚಿಸಿದ.

ಸಂಜೆಯಾದರೆ ಊರ ಚಾವಡಿಯಲ್ಲಿ ಕಾವ್ಯ ಓದುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಗುರುಸ್ವಾಮಿ ಮೈ ತೊಳೆದು, ವಿಭೂತಿ ಇಟ್ಟು, ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ. ಚಿಕ್ಕಂದಿನಿಂದ ಕೇಳಿ ಕೇಳಿ ಅವನಿಗೆ ಪದ್ಯದ ಮುಂದಿನ ಸಾಲು ಓದುವವರ ಬಾಯಿಗೆ ಬರುವ ಮೊದಲೇ ಮನಸ್ಸಿಗೆ ಬರುತ್ತಿತ್ತು. ಈ ವಾರ ಹಾಗಾಗಲಿಲ್ಲ. ಓದುವವರು ರಾಗವೆಳೆದಾಗಲೆಲ್ಲ ಆ ಕಬ್ಬಿಣದ ಗೊರಡಿನ ಸೀಳು ಶಿಳ್ಳೆಯೇ ಕಿವಿಯಲ್ಲಿ ನಿಲ್ಲುತ್ತಿತ್ತು. ಪಕ್ಕದಲ್ಲಿದ್ದವರು ಆಹಾ ಎಂದು ತಲೆದೂಗಿದರೆ ಇವನೂ ತಲೆದೂಗುತ್ತಿದ್ದ, ಯಾವುದಕ್ಕೆಂದು ತಿಳಿಯದೆ. ಕೇಳುತ್ತ ಕೂತು ಕೇಳದೇ ಇರುವುದು ಪಾಪವೆಂದು ಅವನಿಗೆ ಗೊತ್ತಿತ್ತು. ಏಳಲೂ ಮನಸ್ಸಾಗುತ್ತಿರಲಿಲ್ಲ. ಎದ್ದರೆ ಕೊಟ್ಟಿಗೆಗೆ ಹೋಗಬೇಕು, ಅಲ್ಲಿ ಆ ಹಲಗೆ.

ಗುರುವಾರ ಇಬ್ಬರೂ ತಮ್ಮ ಹಲಗೆಯ ದಪ್ಪ ನೋಡಿದರು. ಒಂದೇ ಕಡ್ಡಿಗೆ ಗುರುತು ಹಾಕಿ, ಎರಡು ಹಲಗೆಗೂ ನಾಲ್ಕೂ ಮೂಲೆಯಲ್ಲಿ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕೂಡಿಸಿದಾಗ ಕಂಬಿಗಳು ಎದುರುಬದುರಾಗಿ ಸರಿಯಾಗಿ ಕೂರಬೇಕಲ್ಲ, ಅದಕ್ಕೇ ಈ ಅಳತೆ.

"ಇಲ್ಲಿಗೆ ಸರಿ," ಎಂದ ಗುರುಸ್ವಾಮಿ. "ಇನ್ನು ಗೊರಡು ಇಡೋ ಹಂಗಿಲ್ಲ. ತಿಕ್ಕೋದು, ಒರಸೋದು, ಅಷ್ಟೇ."

"ಆಗ್ಲಿ ಭಾವ. ನೀವು ಹೇಳಿದ ಹಂಗೆ."

ಮಾತು ಆಡಿದವನು ಗುರುಸ್ವಾಮಿಯೇ. ಕೆಡಿಸಿದವನೂ ಅವನೇ.

ಶುಕ್ರವಾರ ರುದ್ರ ಬೆಳಗ್ಗೆ ಕೆರೆಗೆ ಸ್ನಾನಕ್ಕೆ ಹೋಗಿದ್ದ. ಯಶೋದಮ್ಮ ಸೌದೆಗೆಂದು ಹಿತ್ತಲಿಗೆ ಹೋಗಿದ್ದಳು. ಕೊಟ್ಟಿಗೆಯ ಗೋಡೆಯ ಸಂದಿನಿಂದ ಎಳೆಬಿಸಿಲು ಓರೆಯಾಗಿ ಬಂದು ಎರಡು ಹಲಗೆಯ ಮೇಲೂ ಬಿದ್ದಿತು. ರುದ್ರನ ಹಲಗೆಯ ಮೇಲೆ ಆ ಬೆಳಕು ಎಲ್ಲೂ ಮುರಿಯದೆ ಮಲಗಿತ್ತು. ತನ್ನದರ ಮೇಲೆ ಗೊರಡು ಹೋದ ದಾರಿಗಳು, ಗಾಳಿ ಸೋಕಿದ ನೀರಿನಂತೆ, ಒಂದರ ಪಕ್ಕ ಒಂದು ಸಣ್ಣಗೆ ಎದ್ದು ಕಂಡವು. ಬೇರೆ ಯಾವ ಹೊತ್ತಿನಲ್ಲೂ ಯಾರ ಕಣ್ಣಿಗೂ ಅವು ಕಾಣುವಂಥವಲ್ಲ. ರೈಲಿನ ಚಕ್ರಕ್ಕಂತೂ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಗುರುಸ್ವಾಮಿಗೆ ಅದೆಲ್ಲ ಗೊತ್ತಿತ್ತು. ಆದರೂ ಕೈ ಗೊರಡಿನ ಮೇಲೆ ಹೋಯಿತು.

ಒಂದೇ ಒಂದು ಸುತ್ತು ಎಂದುಕೊಂಡ. ಒಂದು ಸುತ್ತು ಎಳೆದ ಮೇಲೆ ತೆಂಕಣ ಮೂಲೆ ಸ್ವಲ್ಪ ಎತ್ತರವಾಗಿ ಕಂಡಿತು. ಅದನ್ನು ತೆಗೆದರೆ ನಡುಭಾಗ ಉಬ್ಬಿದಂತಾಯಿತು. ನಡುವನ್ನು ತೆಗೆದರೆ ಬಡಗಣ ಅಂಚು. ಹೊಸಬ ಮಾಡುವ ತಪ್ಪು ಇದು. ಇದನ್ನೇ ಮಾಡಿದ್ದಕ್ಕೆ ಅವನು ಒಂದು ಕಾಲದಲ್ಲಿ ರುದ್ರನ ಕಿವಿ ಹಿಂಡಿದ್ದ. ಈಗ ತಾನೇ ಏದುಸಿರು ಬಿಡುತ್ತ ಹಲಗೆಯ ಸುತ್ತ ಸುತ್ತಿದ. ಬೆಳಕು ಎಲ್ಲೂ ಮುರಿಯದೆ ಮಲಗುವ ಹೊತ್ತಿಗೆ ಕಾಲಡಿಯಲ್ಲಿ ಮೊಣಕಾಲೆತ್ತರ ಸುರುಳಿಗಳು ಬಿದ್ದಿದ್ದವು. ಎರಡು ಬೊಗಸೆ ಒಲೆಗೆ ತುರುಕಿದ. ಉಳಿದದ್ದನ್ನು ಹುಲ್ಲಿನ ಅಡಿಗೆ ನೂಕಿದ.

ಯಶೋದಮ್ಮ ಬಂದು ಒಲೆಯ ಮುಂದೆ ಕೂತಳು. ಒಂದು ಸುರುಳಿ ಎತ್ತಿ ಮೂಗಿಗೆ ಹಿಡಿದಳು.

"ಗೊರಡು ಮುಟ್ಟೋ ಹಂಗಿಲ್ಲ ಅಂತಿದ್ರಿ?"

"ಇವು ಹಳೇವು."

"ಹಳೇವು ಇಂಗೆ ಘಮ್ ಅನ್ನಾಕಿಲ್ಲ."

ಅವನು ಬಟ್ಟೆ ಹಿಡಿದು ಹಲಗೆ ಒರಸತೊಡಗಿದ. ಅವಳು ಆ ಸುರುಳಿಯನ್ನು ಒಲೆಗೆ ಹಾಕಿ ಬೆಂಕಿ ಹಚ್ಚಿದಳು.

ಕಡ್ಡಿ ಹಿಡಿದು ಮತ್ತೊಮ್ಮೆ ದಪ್ಪ ನೋಡಬೇಕೆಂದು ಗುರುಸ್ವಾಮಿಗೆ ಅನ್ನಿಸದೇ ಇರಲಿಲ್ಲ. ಕಡ್ಡಿ ರುದ್ರನ ಕಡೆ ಗೋಡೆಗೆ ಒರಗಿತ್ತು. ಹೋಗಿ ತಂದರೆ ಯಾಕೆ ತಂದೆನೆಂದು ಹೇಳಬೇಕಾಗುತ್ತದೆ. ಎಷ್ಟು ಹೋಗಿದ್ದೀತು, ಕೂದಲೆಳೆ ಇರಬಹುದು ಎಂದುಕೊಂಡು ಸುಮ್ಮನಾದ. ಆ ದಿನ ಉಳಿದ ಹೊತ್ತೂ ಮಾರನೆಯ ದಿನವೂ ಗರಗಸದಂತೆ ಒರಟಾದ ಗರಗತ್ತಿ ಎಲೆಯಿಂದ ತಿಕ್ಕಿದ, ಬಟ್ಟೆಯಿಂದ ಒರಸಿದ. ರುದ್ರ ತನ್ನ ಹಲಗೆಯ ಮೇಲೆ ಗೋಣಿತಟ್ಟು ಹೊದಿಸಿಯೇ ಇಟ್ಟಿದ್ದ. ದೂಳು ಕೂರದಿರಲೆಂದು ಅಂದ. ದೂಳಿಗೋ, ತನ್ನ ಕಣ್ಣಿಗೋ ಎಂದು ಗುರುಸ್ವಾಮಿ ಮನಸ್ಸಿನಲ್ಲೇ ಕೇಳಿಕೊಂಡ. ಕೇಳಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಭಾನುವಾರ ಬೆಳಗ್ಗೆ ಎರಡು ಹಲಗೆಯನ್ನೂ ನಡುಮನೆಗೆ ಹೊತ್ತು ತಂದರು. ಸರಿಮಟ್ಟಕ್ಕೆ ಕೂರಿಸಿದ್ದ ತೊಲೆಗಳ ಮೇಲೆ ಒಂದಕ್ಕೊಂದು ತಾಗುವಂತೆ ಇಟ್ಟರು. ರುದ್ರ ಕಂಬಿಯ ತುಂಡುಗಳನ್ನು ಕೋಳಿಮೊಟ್ಟೆಯ ಆಕಾರಕ್ಕೆ ಜೋಡಿಸಿ ಸಣ್ಣ ಮೊಳೆಯಿಂದ ಬಿಗಿದ. ಮಹದೇವಪ್ಪನವರು ಎಂಜಿನ್ನಿಗೆ ಕೀಲಿ ಕೊಟ್ಟು ಗುರುಸ್ವಾಮಿಯ ಅರ್ಧದ ಮೇಲೆ ಬಿಟ್ಟರು.

ರೈಲು ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಡಬ್ಬಿಗಳು ಅಲುಗಲಿಲ್ಲ. ನಡುವಿನ ಕೂಡುಗೆರೆ ಬಂತು. ಎಂಜಿನ್ನಿನ ಮೂತಿ ಎದುರಿನ ಕಂಬಿಗೆ ಡಿಕ್ಕಿ ಹೊಡೆದು ಎದ್ದು, ಪಕ್ಕಕ್ಕೆ ಉರುಳಿತು.

ಈ ಸಲ ರುದ್ರನ ಅರ್ಧದಿಂದ ಬಿಟ್ಟರು. ಅಲ್ಲಿಯೂ ಹಾಗೇ, ಸರಾಗವಾಗಿ ಓಡಿತು. ಕೂಡುಗೆರೆಗೆ ಬಂದು ಮೆಟ್ಟಿಲಿಂದ ಕಾಲು ಜಾರಿದಂತೆ ದೊಪ್ಪನೆ ಇಳಿದು ಮಗುಚಿಕೊಂಡಿತು.

"ಹುಣಸೂರಿಗೂ ಪಿರಿಯಾಪಟ್ಣಕ್ಕೂ ಮಧ್ಯ ಬಿದ್ದೋಯ್ತಲ್ಲ," ಎಂದಳು ಸುನಂದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಅದಕ್ಕೇ ಏನೋ ಸರ್ಕಾರದೋರು ಈ ಕಡೆ ಕಂಬಿ ಹಾಕಿಲ್ಲ."

"ನೀನು ಒಳಗೆ ನಡಿ," ಎಂದರು ಮಹದೇವಪ್ಪನವರು. ಅವಳು ಕದಲಲಿಲ್ಲ.

"ಬುದ್ಧಿ, ಇಬ್ಬರೂ ಅಂಗೇ ನೋಡ್ತಾ ನಿಂತವ್ರೆ," ಎಂದ ದೊಡ್ಡಬೀರಯ್ಯ. "ನಾನು ತಡಿಕೆಗೆ ಬಿದಿರು ಕಡಿದು ತರ್ಲಾ?"

ರುದ್ರ ಮಟ್ಟಗೋಲನ್ನು ಎರಡು ಹಲಗೆಗೂ ಅಡ್ಡವಾಗಿ ಇಟ್ಟು ಕೂತು ನೋಡಿದ. ಗುರುಸ್ವಾಮಿಯ ಕಡೆ ಗೋಲಿನ ಅಡಿಯಿಂದ ಬೆಳಕು ತೂರಿ ಬಂತು. ಒಂದು ರಾಗಿ ಕಾಳು ಹಿಡಿಸುವಷ್ಟು ಸಂದು. ರುದ್ರ ತಲೆಯೆತ್ತಿ ಭಾವನ ಮುಖ ನೋಡಿದ. ಒಲೆಯ ಬೂದಿಯನ್ನೋ, ಹುಲ್ಲಿನ ಅಡಿಯ ಸುರುಳಿಯನ್ನೋ ಅವನು ಕಂಡಿದ್ದನೋ ಇಲ್ಲವೋ, ಆ ನೋಟದಲ್ಲಿ ತಿಳಿಯಲಿಲ್ಲ. ಆಮೇಲೆ ಎದ್ದು ಮಹದೇವಪ್ಪನವರ ಕಡೆ ತಿರುಗಿದ.

"ನಂದೇ ದಪ್ಪ ಉಳ್ಕಂಡೈತೆ ಯಜಮಾನ್ರೇ. ಒಂದು ಗಳಿಗೆ ತಾಳಿ. ಮೇಲಿಂದ ಒಂದಷ್ಟು ಎಳೆದು ಸರಿ ಮಾಡ್ತೀನಿ."

"ಅಂದ್ರೆ ಆಚಾರ್ರದು ಸರಿಯಾಗೈತೆ?"

"ಭಾವಂದು ಸರಿಯಾಗೈತೆ."

ಮಹದೇವಪ್ಪನವರು ಗುರುಸ್ವಾಮಿಯನ್ನು ನೋಡಿ ತಲೆ ಆಡಿಸಿದರು. ಆ ತಲೆಯಾಟದಲ್ಲಿ ತಲೆಬಾಗಿಲು ಅವನ ಕೈಗೆ ಬಂದಾಗಿತ್ತು. ಮಾಡಬೇಕಾದದ್ದು ಏನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಹುಟ್ಟಿನಿಂದ ಬಂದ ಗುಣ.

ರುದ್ರ ಕಂಬಿ ಬಿಚ್ಚಿ, ಕಬ್ಬಿಣದ ಗೊರಡು ತಂದು ಅಲಗು ಸರಿಮಾಡಿಕೊಂಡ. "ಭಾವ, ಎಷ್ಟು ತೆಗೀಬೇಕು, ಒಂದು ಸಲ ಕೈಯಿಟ್ಟು ಹೇಳಿ. ನಿಮ್ಮ ಅಂಗೈ ಮುಂದೆ ಈ ಗೋಲು ಎಲ್ಲಿ."

ಕೈ ಇಡಲೇಬೇಕಾಯಿತು. ಗುರುಸ್ವಾಮಿ ತನ್ನ ಅರ್ಧದ ಮೇಲೆ ಅಂಗೈ ಊರಿ ಮೆಲ್ಲಗೆ ಸರಿಸಿದ. ಚೆನ್ನಾಗಿತ್ತು, ಅವನಿಗೇ ಗೊತ್ತಿದ್ದಷ್ಟು ಚೆನ್ನಾಗಿತ್ತು. ಕೂಡುಗೆರೆಯಲ್ಲಿ ಬೆರಳ ತುದಿ ಎಡವಿತು. ಏರಿ ಆ ಕಡೆಗೆ ಹೋಯಿತು.

ಅವನ ಅಂಗೈ ಅಲ್ಲೇ ನಿಂತಿತು.

ಅದು ಮರವಾಗಿರಲಿಲ್ಲ. ಮರ ಎಷ್ಟು ಉಜ್ಜಿದರೂ ತನ್ನ ಎಳೆಯನ್ನು ಎಲ್ಲೋ ಒಂದು ಕಡೆ ಹೇಳಿಯೇ ಹೇಳುತ್ತದೆ. ತೇಗವಂತೂ ಸಣ್ಣ ಸಣ್ಣ ತೂತುಗಳ ಮರ. ನಲವತ್ತು ವರ್ಷದಲ್ಲಿ ಆ ತೂತುಗಳನ್ನು ಅಂಗೈಯಿಂದ ಎಣಿಸದೆ ಅವನು ಒಂದು ಹಲಗೆಯನ್ನೂ ಕೆಳಗಿಟ್ಟವನಲ್ಲ. ಇಲ್ಲಿ ಒಂದೂ ಇರಲಿಲ್ಲ. ತಣ್ಣಗೆ, ನಿಂತ ಕೆರೆಯ ನೀರಿಗೆ ಅಂಗೈ ತಾಗಿಸಿದ ಹಾಗೆ, ಒತ್ತಿದರೆ ಒಳಗೆ ಹೋಗಿಬಿಡುತ್ತದೇನೋ ಅನ್ನುವ ಹಾಗೆ. ಗುರುಸ್ವಾಮಿಗೆ ಮೊದಲು ಬಂದದ್ದು ಸಂತೋಷ. ಅದು ಬಂದು ಹೋಗುವುದರೊಳಗೆ ಹೊಟ್ಟೆಕಿಚ್ಚು ಎದ್ದಿತು. ಹೇಗೆ ಮಾಡಿದ? ನಾನು ಕಲಿಸಿದ್ದಲ್ಲ ಇದು. ಮೈಸೂರಿನಲ್ಲಿ ಕಲಿತನೋ? ಕಲಿತವನು ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?

"ಎಷ್ಟು ಭಾವ?"

"ಒಂದು ರಾಗಿಕಾಳು."

ರುದ್ರ ಹಲಗೆಯ ಅಂಚಿಗೆ ಗೊರಡು ಇಟ್ಟ. ಮೈಯ ಭಾರ ಮುಂದಕ್ಕೆ ತಂದ. ಒಂದೇ ಎಳೆತಕ್ಕೆ ಆ ನುಣುಪು ಸುರುಳಿಯಾಗಿ ಎದ್ದು ನೆಲಕ್ಕೆ ಬೀಳಲಿತ್ತು. ಅಡಿಯಲ್ಲಿ ಉಳಿಯುವುದು ಬರಿಯ ತೇಗ. ಆಮೇಲೆ ಅದು ಹೇಗೆ ಆಗಿತ್ತೆಂದು ನೋಡಲು ಏನೂ ಇರುವುದಿಲ್ಲ. ತಲೆಬಾಗಿಲು ಕೈಗೆ ಬಂದಿದ್ದರೂ, ಹೇಗೆ ಮಾಡಿದ ಎಂಬ ಒಂದು ಮಾತು ಸಾಯುವತನಕ ಮುಳ್ಳಾಗಿ ಒಳಗೆ ಉಳಿಯುತ್ತದೆ. ಬಾಗಿಲು ಕಳೆದುಕೊಂಡು ಬದುಕಬಹುದೇನೋ, ಇದು ತಿಳಿಯದೆ ಹೇಗೆ ಬದುಕುವುದು.

ಗುರುಸ್ವಾಮಿ ಅವನ ಮಣಿಕಟ್ಟು ಹಿಡಿದ.

"ತಡಿ ಕಣ್ಲಾ."

"ಯಾಕೆ ಭಾವ?"

"ಅದರ ಮೇಲೆ ಅಲಗು ಇಕ್ಕಬೇಡ. ನಿಂದು ಸರಿಯಾಗೈತೆ. ನಂದು ತೆಳು." ಒಂದು ಸಲ ಹೊರಟ ಮೇಲೆ ಉಳಿದದ್ದೂ ಬಂತು. "ಗುರುವಾರ ಸಮ ಇತ್ತು ಯಜಮಾನ್ರೇ. ಶುಕ್ರವಾರ ಇವ್ನು ಕೆರೆಗೆ ಹೋಗಿದ್ದಾಗ ನಾನೇ ಮತ್ತೆ ಎಳೆದೆ. ಎಳೀಬಾರ್ದಿತ್ತು. ಎಳೆದೆ."

ಯಶೋದಮ್ಮ ಕಂಬದ ಬಳಿ ನಿಂತಿದ್ದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಗುರುಸ್ವಾಮಿ ಉಳಿ ತೆಗೆದುಕೊಂಡು ಹೊರಗೆ ಹೋಗಿ ತೇಗದ ತುಂಡಿನಿಂದ ರಾಗಿಕಾಳಿನಷ್ಟು ದಪ್ಪದ ಚಕ್ಕೆಗಳನ್ನು ಸೀಳಿ ತಂದ. ತನ್ನ ಹಲಗೆಯ ಅಡಿಗೆ, ತೊಲೆ ತಾಗುವ ಕಡೆಯಲ್ಲೆಲ್ಲ ಒಂದೊಂದು ಕೊಟ್ಟ. ಅಂಗೈಯಿಂದ ಕೂಡುಗೆರೆ ಸವರಿ, ಒಂದನ್ನು ಎಳೆದು ತೆಳುಮಾಡಿ ಮತ್ತೆ ಕೊಟ್ಟ. ಬೆರಳು ಎಡವದೆ ಆಚೆಗೆ ಹೋದಾಗ ಎದ್ದು ನಿಂತ. ರುದ್ರ ಕಂಬಿ ಕೂಡಿಸಿದ.

ರೈಲು ಓಡಿತು. ಕೂಡುಗೆರೆಯಲ್ಲಿ ಟಿಕ್ ಎಂಬ ಸದ್ದು ಬಿಟ್ಟರೆ ಏನೂ ಆಗಲಿಲ್ಲ. ಮಹದೇವಪ್ಪನವರು ಬಗ್ಗಿ, ಅದರ ಜೊತೆಯಲ್ಲೇ ಸುತ್ತುತ್ತ, "ಮೈಸೂರು, ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಣ," ಎಂದು ಟೇಸನ್ನು ಕೂಗಿದರು. ಏಳು ಸುತ್ತು ಓಡಿ, ಕೀಲಿ ಮುಗಿದು ನಿಂತಿತು.

"ಎಲ್ಲಿ ನಿಂತ್ಕೊಂತು ನೋಡು," ಎಂದರು ಹೆಂಡತಿಗೆ.

"ಎಲ್ಲಿ ನಿಂತ್ರೂ ಟೇಸನ್ನು ನಿಮ್ಮ ಬಾಯಲ್ಲೇ ಐತಲ್ಲ," ಎಂದಳು ಸುನಂದಮ್ಮ. ಆದರೆ ಅವಳೂ ಹತ್ತಿರ ಬಂದು ಬಗ್ಗಿ ನೋಡಿದಳು.

ಮಹದೇವಪ್ಪನವರು ಮಾತಿಗೆ ತಪ್ಪುವವರಲ್ಲ. ತಲೆಬಾಗಿಲು ರುದ್ರಸ್ವಾಮಿಗೆ ಎಂದರು. ಆಮೇಲೆ ಗುರುಸ್ವಾಮಿಯ ಕಡೆ ನೋಡದೆ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ, "ಆಚಾರ್ರೇ, ಹಿತ್ತಲ ಬಾಗ್ಲೂ ಒಂದು ಆಗ್ಬೇಕು. ನಿಮ್ಗೆ ಮನಸ್ಸಿದ್ರೆ," ಎಂದರು. ತಲೆಬಾಗಿಲು ಮಾಡಿದವನ ಮಗನಿಗೆ ಹಿತ್ತಲ ಬಾಗಿಲು. ಗುರುಸ್ವಾಮಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕೈಮುಗಿದು ಕೊಟ್ಟಿಗೆಗೆ ನಡೆದ.

ಅಲ್ಲಿ ಮೂವರೂ ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಅವನು ಚೀಲದ ಬಾಯಿಗೆ ಹಗ್ಗ ಬಿಗಿಯುತ್ತ, ತಲೆಯೆತ್ತದೆ ಕೇಳಿದ. ಕಲಿಸಿದವನು ಕಲಿತವನನ್ನು ಕೇಳುವುದು ಸುಲಭವಲ್ಲ. ಹಗ್ಗ ಎರಡು ಸಲ ಜಾರಿತು.

"ಅದಕ್ಕೆ ಏನ್ಲಾ ಬಳಿದೆ?"

ರುದ್ರ ನಕ್ಕ. "ನನ್ನ ಯಾಕೆ ಕೇಳ್ತೀರಿ ಭಾವ? ಅಕ್ಕನ್ನ ಕೇಳಿ."

ಗುರುಸ್ವಾಮಿ ತಿರುಗಿ ನೋಡಿದ. ಯಶೋದಮ್ಮ ಪಾತ್ರೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಹುಣಸೆಬೀಜ," ಎಂದಳು. "ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ಅರೆದು ಕುದಿಸಿದ್ರೆ ಅಂಟು ಬತ್ತದೆ. ಅದಕ್ಕೆ ಜರಡಿ ಹಿಡಿದ ಮರದ ಹುಡಿ ಕಲಸಿ ಬಳಿಯೋದು. ಅರ್ಧಂಬರ್ಧ ಒಣಗಿದಾಗ ಹೊಳೆಕಲ್ಲಲ್ಲಿ ತಿಕ್ಕೋದು. ನಮ್ಮವ್ವ ಬಳೆಪೆಟ್ಟಿಗೆಗೆ, ಮಗೀನ ಆಟದ ಗೊಂಬೆಗೆ ಅಂಗೇ ಮಾಡೋಳು. ನೀವು ಚಾವಡಿಗೆ ಹೋದಾಗೆಲ್ಲ ಕೂತು ತಿಕ್ಕಿದ್ದೇ ತಿಕ್ಕಿದ್ದು. ನೋಡಿ, ಅಂಗೈ ಸುಲಿದೈತೆ."

"ನೀನಾ?"

"ಮತ್ತೆ ಯಾರು?"

"ಅವನಿಗೆ ಮಾಡಿಕೊಟ್ಟೆ. ನನಗೆ?"

"ಅವ್ನು ಕೇಳ್ದ, ಅಕ್ಕ, ಅವ್ವ ಮಾಡ್ತಿತ್ತಲ್ಲ ಅದು ನಿನಗೆ ಬತ್ತದಾ ಅಂತ. ನೀವು ಇಪ್ಪತ್ತೆಂಟು ವರ್ಷದಲ್ಲಿ ಒಂದಿನ ಕೇಳಿದ್ರಾ? ನಿಮ್ಮ ಹಲಗೆ ಹತ್ರ ಬಂದ್ರೆ ಸೆರಗು ತಾಕ್ತದೆ, ಆಚೆ ನಿಂತ್ಕೊ ಅಂತೀರಿ."

ಅವನು ಅವಳ ಅಂಗೈ ಹಿಡಿದು ನೋಡಿದ. ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಇಷ್ಟು ದಿನ ರುದ್ರನ ಕೈಯ ಮೇಲೆ ಇಟ್ಟುಕೊಂಡಿದ್ದ ಉರಿಗೆ ಈಗ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ತನ್ನ ಮನೆಯಲ್ಲೇ, ತನ್ನ ಒಲೆಯ ಮುಂದೆ ಇದ್ದದ್ದನ್ನು ಬೇರೆಯವನು ಬಂದು ಕೇಳಿ ಪಡೆದುಕೊಂಡು ಹೋಗಿದ್ದ. ಕದ್ದಿರಲಿಲ್ಲ, ಕೇಳಿ ಪಡೆದಿದ್ದ. ಅದಕ್ಕೆ ದೂರು ಹೇಳುವುದು ಯಾರ ಮುಂದೆ?

ದೊಡ್ಡಬೀರಯ್ಯ ಗಾಡಿ ಕಟ್ಟಿಕೊಂಡು ಬಂದ. ಪಿರಿಯಾಪಟ್ಟಣದ ದಾರಿ ಹಿಡಿಯುವ ಮೊದಲು ರುದ್ರ ಮತ್ತೆ ಕಾಲು ಮುಟ್ಟಿದ. ಗುರುಸ್ವಾಮಿ ಅವನ ತಲೆಯ ಮೇಲೆ ಕೈಯಿಟ್ಟ. ಸ್ವಲ್ಪ ಭಾರವಾಗಿಯೇ ಇಟ್ಟ.

ಗಾಡಿ ಊರು ದಾಟಿ ರಾಗಿ ಹೊಲಗಳ ನಡುವೆ ಬಂದಿತು.

"ಬೀರಯ್ಯ," ಎಂದ ಗುರುಸ್ವಾಮಿ.

"ಏನ್ ಆಚಾರ್ರೇ?"

"ವಾಪಸ್ ಹೋದ ಮೇಲೆ ಯಜಮಾನ್ರಿಗೆ ಹೇಳು. ಹಿತ್ತಲ ಬಾಗ್ಲು ನಾನು ಮಾಡ್ತೀನಿ ಅಂತ."

"ಹೇಳ್ತೀನಿ ಬುಡಿ."

ಮತ್ತೆ ಸ್ವಲ್ಪ ದೂರ ಹೋದರು. ಗುರುಸ್ವಾಮಿ ಹೆಂಡತಿಯ ಕಡೆ ಸರಿದು, ಗಾಡಿಯವನಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಒಂದು ಬಾಗ್ಲಿಗೆ ಹುಣಸೆಬೀಜ ಎಷ್ಟು ಬೇಕಾಯ್ತದೆ?"

ಯಶೋದಮ್ಮ ಅವನ ಮುಖ ನೋಡಿದಳು. "ಹಿತ್ತಲ ಬಾಗ್ಲಿಗಾ? ಅದಕ್ಯಾಕೆ ಅಷ್ಟು ನುಣುಪು? ದನ ಹೋಗಿ ಬರೋ ಬಾಗ್ಲು."

"ತಲೆಬಾಗ್ಲಲ್ಲಿ ಬಂದೋರು ಮನೆಯೆಲ್ಲ ದಾಟ್ಕಂಡು ಹಿಂದಕ್ಕೆ ಬಂದು ಅದನ್ನ ಮುಟ್ಟಿ ನೋಡ್ಬೇಕು. ನೋಡಿ, ಮುಂದಿನ ಬಾಗ್ಲು ಯಾರು ಮಾಡಿದ್ದು ಅಂತ ಕೇಳೋದನ್ನೇ ಮರೀಬೇಕು."

"ಒಂದು ಸೇರು ಬೇಕಾಯ್ತದೆ," ಎಂದಳು ಅವಳು ನಗು ತಡೆದುಕೊಂಡು. "ನನ್ನ ತಮ್ಮನೂ ಕೇಳವ್ನೆ. ಅವನ ಬಾಗ್ಲಿಗೂ ಒಂದು ಸೇರು ಅರೀಬೇಕು."

ಗುರುಸ್ವಾಮಿ ರಾಗಿ ಹೊಲದ ಕಡೆ ನೋಡುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಅವನಿಗೆ ಮುಕ್ಕಾಲು ಸೇರು ಸಾಕು," ಎಂದ.